ಒಂದು ಸರ್ಕಾರಕ್ಕೆ ಒಂದೇ ಸಂಸ್ಕೃತಿ ಬೇಕಿಲ್ಲ

1956ರ ನವೆಂಬರ್ 1ರವರೆಗೆ ಸೊರಬ, ಶಿಕಾರಿಪುರ ತಾಲ್ಲೂಕುಗಳ ಉತ್ತರದ ಗಡಿಯೇ ಮೈಸೂರು ರಾಜ್ಯದ ಗಡಿಯಾಗಿತ್ತು. ಆಚೆಗಿನ ಸಿದ್ದಾಪುರ, ಶಿರಸಿ, ಹಾನಗಲ್ಲು, ಹಿರೇಕೆರೂರು ಮುಂಬೈ ರಾಜ್ಯಕ್ಕೆ ಸೇರಿದ್ದವು. ಕದಂಬರ ಮೂಲವನ್ನು ಹೇಳುವ ತಾಳಗುಂದದ ಕಂಬಶಾಸನ ಈಚೆ, ಅವರ ರಾಜಧಾನಿ ಬನವಾಸಿ ಆಚೆ. ಸೊರಬದ ಗದ್ದೆಬಯಲು ದಾಟಿ ಬನವಾಸಿ ಮುಟ್ಟುವಷ್ಟರಲ್ಲಿ ವರದಾ ನದಿಗೂ ರಾಜ್ಯ ಬದಲಾಗುತ್ತಿತ್ತು. ದೀಪಾವಳಿಯ ಹೋರಿ ಹಬ್ಬಕ್ಕೆ ಮಾತ್ರ ಈ ಗಡಿ ಗೊತ್ತಿರಲಿಲ್ಲ. ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಓಡಿಸುವುದು, ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯುವುದು ಶಿಕಾರಿಪುರದಲ್ಲಿಯೂ ಹಾನಗಲ್ಲಿನಲ್ಲಿಯೂ ಒಂದೇ ರೀತಿ.

ಇಲ್ಲಿ ಸಂಸ್ಕೃತಿ ಒಂದೇ ಇತ್ತು, ಆದರೂ ಆಡಳಿತ ಎರಡಿತ್ತು. ಆ ಗಡಿ ಎಳೆದದ್ದು ಜನರ ನಡೆನುಡಿಯಲ್ಲ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಮಾಡಿದ ಹಂಚಿಕೆ. ಸಂಸ್ಕೃತಿಗಳು ಬೇರೆಯಾದ್ದರಿಂದ ಯುರೋಪಿನ ದೇಶಗಳು ಎಂದೂ ಒಂದು ರಾಷ್ಟ್ರವಾಗಲಾರವು ಎಂದು ತೀರ್ಪು ಕೊಡುವವರು ಈ ಸಂಗತಿಗೆ ಉತ್ತರ ಹೇಳಬೇಕು. ಸಂಸ್ಕೃತಿಯೇ ರಾಜ್ಯ ಕಟ್ಟುವುದಾಗಿದ್ದರೆ ಬನವಾಸಿಯೂ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯೂ ಒಂದೂವರೆ ಶತಮಾನ ಬೇರೆಬೇರೆ ಸರ್ಕಾರಗಳ ಕೆಳಗೆ ಇರುತ್ತಿರಲಿಲ್ಲ.

ಕನ್ನಡ ನಾಡನ್ನು 1956ರಲ್ಲಿ ಒಂದುಗೂಡಿಸಿದ ಏಕೀಕರಣಕ್ಕೆ ಅತಿ ಗಟ್ಟಿಯಾದ ವಿರೋಧ ಬಂದದ್ದು ಹಳೆ ಮೈಸೂರಿನ ಕನ್ನಡಿಗರಿಂದಲೇ. ‘ನಮ್ಮ ರೀತಿ ಬೇರೆ, ಅವರ ರೀತಿ ಬೇರೆ’ ಎಂಬ ಮಾತಿನ ಒಳಗಿದ್ದದ್ದು ಖಜಾನೆಯ ಚಿಂತೆ. ಜೋಗದ ವಿದ್ಯುತ್ತು, ಭದ್ರಾವತಿಯ ಕಾರ್ಖಾನೆ, ಸಂಸ್ಥಾನದ ಕಾಲದಿಂದ ಕೂಡಿಬಂದ ಶಾಲೆ, ರಸ್ತೆ, ನೀರಾವರಿ, ಇವೆಲ್ಲ ಹಿಂದುಳಿದ ಜಿಲ್ಲೆಗಳ ಪಾಲಾಗುತ್ತವೆ ಎಂಬ ಭಯ. ಲಿಂಗಾಯತರ ಸಂಖ್ಯೆ ಹೆಚ್ಚಿ ಒಕ್ಕಲಿಗರ ಬಲ ಕುಗ್ಗುತ್ತದೆ ಎಂಬ ಲೆಕ್ಕವೂ ಇತ್ತು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಕವಾಗಿದ್ದ ಫಜಲ್ ಅಲಿ ಆಯೋಗ ಇವೆಲ್ಲವನ್ನೂ ಕೇಳಿಸಿಕೊಂಡು, 1955ರಲ್ಲಿ ಒಂದೇ ರಾಜ್ಯ ಸಾಕು ಎಂದಿತು. ತಮ್ಮದೇ ಪ್ರದೇಶದ ಅಸಮಾಧಾನ ಕಟ್ಟಿಕೊಂಡು ಏಕೀಕರಣದ ಪರ ನಿಂತ ಆಗಿನ ಮೈಸೂರು ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ದಿಟ್ಟತನಕ್ಕೆ ಇಂದಿಗೂ ತಕ್ಕ ಮನ್ನಣೆ ಸಿಕ್ಕಿಲ್ಲ.

ಒಂದಾದದ್ದರ ಫಲ ಕಂಡದ್ದು ಹೊಲದಲ್ಲಿ. ಗೇಣಿದಾರನಿಗೆ ಸೊರಬದಲ್ಲಿ ಮೈಸೂರಿನ 1952ರ ಕಾಯ್ದೆ, ಪಕ್ಕದ ಶಿರಸಿಯಲ್ಲಿ ಮುಂಬೈಯ 1948ರ ಕಾಯ್ದೆ ಅನ್ವಯಿಸುತ್ತಿತ್ತು. 1961ರ ಭೂಸುಧಾರಣಾ ಕಾಯ್ದೆ ಎರಡನ್ನೂ ಒಂದು ಮಾಡಿತು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ, ಹಳೆಯ ಗಡಿಯ ಎರಡೂ ಕಡೆಯ ಗೇಣಿದಾರರು ಅದೇ 7ನೇ ನಮೂನೆಯ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಗೆ ಹೋದರು. ಅದಕ್ಕಾಗಿ ಹವ್ಯಕರ ಅಡಿಕೆ ತೋಟ, ದೀವರ ಹಸೆ ಚಿತ್ತಾರ, ಶಿಕಾರಿಪುರದ ತಾಂಡಾಗಳ ಲಂಬಾಣಿ ಮಾತು, ಶಿರಾಳಕೊಪ್ಪದ ಉರ್ದು ಯಾವುದೂ ಬದಲಾಗಬೇಕಾಗಲಿಲ್ಲ. ಹೀಗೆ ಬೇರೆಯಾಗಿದ್ದೂ ಒಟ್ಟಿಗಿರುವುದು ಬಳ್ಳಿಗಾವಿಗೆ ಹೊಸತೂ ಅಲ್ಲ. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಅಲ್ಲಿ ಒಟ್ಟಿಗಿದ್ದವು. ಕೋಡಿಯ ಮಠದ 1162ರ ಶಾಸನ ಅಲ್ಲಿ ವೇದ, ವ್ಯಾಕರಣಗಳ ಜೊತೆಗೆ ಬೌದ್ಧ ದರ್ಶನದ ಪಾಠವೂ ನಡೆಯುತ್ತಿತ್ತೆಂದು, ಕುಂಟರು ಕುರುಡರಿಗೆಲ್ಲ ಅನ್ನ ಸಿಗುತ್ತಿತ್ತೆಂದು ಹೇಳುತ್ತದೆ.

ಕರ್ನಾಟಕಕ್ಕೆ ಕನ್ನಡವಿತ್ತು, ಯುರೋಪಿಗೆ ಏನಿದೆ ಎಂಬ ಆಕ್ಷೇಪ ತೂಕದ್ದೇ. ಆದರೆ ಆ ಕರ್ನಾಟಕ ಸೇರಿಕೊಂಡಿರುವ ಒಕ್ಕೂಟದ ಸಂವಿಧಾನದ ಎಂಟನೇ ಅನುಸೂಚಿಯಲ್ಲಿ 22 ಭಾಷೆಗಳಿವೆ. ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳು 24. ಅಂತರ ಇರುವುದು ಭಾಷೆಯ ಸಂಖ್ಯೆಯಲ್ಲಲ್ಲ, ಎಲ್ಲರೂ ಹಂಚಿಕೊಳ್ಳುವ ಬೊಕ್ಕಸದಲ್ಲಿ.

ಬೊಕ್ಕಸದ ಹಂಚಿಕೆ ಸರಿಯಾಗದಿದ್ದರೆ ಏಕೀಕರಣವೂ ಬಿರುಕು ಬಿಡುತ್ತದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕರ್ನಾಟಕದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವು. ಆ ವರದಿಯನ್ನು ಪೂರ್ತಿಯಾಗಿ ಜಾರಿಗೆ ತರದ ಸರ್ಕಾರಗಳೇ ಪ್ರತ್ಯೇಕ ರಾಜ್ಯದ ಕೂಗಿಗೆ ಗೊಬ್ಬರ ಹಾಕಿವೆ. ಆದರೆ ಕೂಗು ಹಾಕುವವರು ಒಂದು ಮಾತು ಗಮನಿಸಬೇಕು: 114ರಲ್ಲಿ ಅರ್ಧದ ಹತ್ತಿರ ದಕ್ಷಿಣದಲ್ಲೇ ಇವೆ. ರಾಜ್ಯ ಒಡೆದರೆ ಆ ತಾಲ್ಲೂಕುಗಳಿಗಾಗಲಿ, ಉತ್ತರದ ತಾಲ್ಲೂಕುಗಳಿಗಾಗಲಿ ಒಂದು ರೂಪಾಯಿಯೂ ಹೆಚ್ಚು ಬರುವುದಿಲ್ಲ. 2012ರಲ್ಲಿ ಸಂಸತ್ತು ಒಪ್ಪಿದ 371ಜೆ ವಿಧಿ ಹೈದರಾಬಾದ್ ಕರ್ನಾಟಕಕ್ಕೆ ಕೊಟ್ಟ ಉದ್ಯೋಗ, ಶಿಕ್ಷಣದ ಮೀಸಲು ಒಂದೇ ರಾಜ್ಯದೊಳಗೆ ಸಾಧ್ಯವಾದದ್ದು.

ಯುರೋಪು ಬೊಕ್ಕಸ ಹಂಚಿಕೊಳ್ಳುವ ಈ ಕೆಲಸವನ್ನೇ ಮುಂದೂಡುತ್ತ ಬಂದಿದೆ. 1951ರಲ್ಲಿ ಆರು ದೇಶಗಳು ಕಲ್ಲಿದ್ದಲು, ಉಕ್ಕಿಗಾಗಿ ಒಂದಾದವು. ಆಮೇಲೆ ಮಾರುಕಟ್ಟೆ, ನಾಣ್ಯ ಬಂದವು. ಆದರೆ ಒಕ್ಕೂಟದ ಬಜೆಟ್ಟು ಸದಸ್ಯ ದೇಶಗಳ ಒಟ್ಟು ಆದಾಯದ ಸುಮಾರು ಶೇಕಡ 1ರಷ್ಟರಲ್ಲೇ ನಿಂತಿದೆ. 2010ರಲ್ಲಿ ಗ್ರೀಸ್ ದಿವಾಳಿಯ ಅಂಚಿಗೆ ಬಂದಾಗ ಶ್ರೀಮಂತ ದೇಶಗಳಲ್ಲಿ ಎದ್ದ ಸಿಟ್ಟು ಗ್ರೀಕರ ಭಾಷೆಯ ಮೇಲಲ್ಲ, ತಮ್ಮ ತೆರಿಗೆ ಅಲ್ಲಿಗೆ ಹೋಗುವುದರ ಮೇಲೆ. ಮೈಸೂರಿನವರು 1955ರಲ್ಲಿ ಆಡಿದ್ದೂ ಅದೇ ಮಾತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಒಕ್ಕೂಟ ಮೊದಲ ಬಾರಿಗೆ ಈ ಪ್ರಮಾಣದಲ್ಲಿ, 75 ಸಾವಿರ ಕೋಟಿ ಯೂರೋವರೆಗೆ, ಎಲ್ಲರ ಹೆಸರಿನಲ್ಲಿ ಸಾಲ ಎತ್ತಲು ಒಪ್ಪಿತು. ಅದನ್ನು ತೀರಿಸಲು 2058ರವರೆಗೆ ಗಡುವಿದೆ. ಜಂಟಿ ಸಾಲಕ್ಕೆ ಒಪ್ಪಿದ ದೇಶಗಳು ಜಂಟಿ ತೆರಿಗೆಗೂ ಒಪ್ಪಿ, ಅದನ್ನು ಹಾಕುವ ಅಧಿಕಾರವನ್ನು ತಮ್ಮ ಜನರೇ ಚುನಾಯಿಸುವ ಐರೋಪ್ಯ ಸಂಸತ್ತಿಗೆ ಕೊಡಬೇಕು. ಅದಕ್ಕೆ ಯಾವ ದೇಶವೂ ತನ್ನ ಒಂದು ಹಬ್ಬವನ್ನೂ ಬಿಟ್ಟುಕೊಡಬೇಕಿಲ್ಲ.