ಬರೀ ಹೌಸ್‌ವೈಫ್ ಅಂತ ಬರಿಯಬೇಡಿ!



ಮೊನ್ನೆ ಮಗ ಕಾಲೇಜಿನ ಅರ್ಜಿ ತುಂಬುತ್ತಾ ಕೂತಿದ್ದ. 'ತಾಯಿಯ ಉದ್ಯೋಗ' ಎಂಬಲ್ಲಿಗೆ ಬಂದಾಗ, "ಅಮ್ಮಾ, ಇಲ್ಲಿ 'ಇಲ್ಲ' ಅಂತ ಹಾಕ್ಲಾ?" ಅಂದ. ಒಲೆಯ ಮೇಲೆ ಸಾರು ಕುದೀತಿತ್ತು, ಬಕೆಟ್ಟಿನಲ್ಲಿ ಬಟ್ಟೆ ನೆನೆದಿತ್ತು, ಅತ್ತೆಯವರಿಗೆ ಮಾತ್ರೆ ಕೊಡುವ ಹೊತ್ತಾಗಿತ್ತು. "ಬರೀ ಹೌಸ್‌ವೈಫ್ ಅಂತ ಬರಿಯಪ್ಪಾ" ಅಂದುಬಿಟ್ಟೆ. ಅಂದಮೇಲೆ ಆ 'ಬರೀ' ನನಗೇ ಚುಚ್ಚಿತು.

ರಾತ್ರಿ ಪಾತ್ರೆ ತೊಳೆದಿಟ್ಟು, ಈ ಮಾತಿನ ಹಿಂದೆ ಏನಿದೆ ಎಂದು ನಿಘಂಟು ತೆರೆದೆ. ಎಷ್ಟೊಂದು ಕತೆ ಇದೆ ನೋಡಿ!

ಹಳೆಯ ಇಂಗ್ಲಿಷಿನಲ್ಲಿ 'ವೈಫ್' ಅಂದರೆ ಹೆಂಡತಿ ಮಾತ್ರವಲ್ಲ, ಯಾವುದೇ ಹೆಂಗಸು. ಹೆರಿಗೆ ಮಾಡಿಸುವ ಮಿಡ್‌ವೈಫ್ ಯಾರ ಹೆಂಡತಿ, ಹೇಳಿ? ಅಲ್ಲಿ 'ಮಿಡ್' ಎಂದರೆ ಜೊತೆಗೆ. ಹೆರುವ ಹೆಂಗಸಿನ ಜೊತೆಗಿರುವವಳು. ಹಾಗೆಯೇ ಹೌಸ್‌ವೈಫ್ ಅಂದರೆ ಮನೆವಾರ್ತೆ ನಡೆಸುವ ಹೆಂಗಸು. ನಮ್ಮ ಯಜಮಾನರ 'ಹಸ್ಬೆಂಡ್' ಪದದಲ್ಲೂ ಮನೆಯೇ ಇದೆ. ಅದು ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಅರ್ಥ ಮನೆಯ ಒಡೆಯ. ಅವರ ಹೆಸರಿನೊಳಗಿನ ಮನೆ ಎಲ್ಲರಿಗೂ ಮರೆತೇಹೋಗಿದೆ, ನಮ್ಮದು ಮಾತ್ರ ಅಂಟಿಕೊಂಡೇ ಇದೆ!

ಜನರ ಬಾಯಲ್ಲಿ ಸವೆದು ಸವೆದು ಹೌಸ್‌ವೈಫ್ 'ಹಸ್ಸಿ' ಎಂದಾಯಿತು. 16ನೇ ಶತಮಾನದಲ್ಲಿ ಅದಕ್ಕೂ ಮನೆಯೊಡತಿ ಎಂದೇ ಅರ್ಥ. ಬರಬರುತ್ತಾ ಅದೇ ಪದ ನಡತೆಗೆಟ್ಟವಳು ಎಂಬ ಬೈಗುಳವಾಯಿತು. ಸೂಜಿ, ದಾರ, ಗುಂಡಿ ಇಡುವ ಪುಟ್ಟ ಚೀಲಕ್ಕೂ ಹೌಸ್‌ವೈಫ್ ಎಂಬ ಹೆಸರುಂಟು. ಮಹಾಯುದ್ಧಗಳ ಕಾಲದಲ್ಲಿ ಬ್ರಿಟಿಷ್ ಸಿಪಾಯಿಗಳ ಸಾಮಾನಿನಲ್ಲಿ ಆ ಚೀಲ ಇರುತ್ತಿತ್ತು. ಅಂಗಿಯ ಗುಂಡಿ ಕಿತ್ತುಬಂದರೆ ಅವರೇ ಹೊಲಿದುಕೊಳ್ಳಬೇಕಲ್ಲ!

ಇದೆಲ್ಲ ದೂರದ ದೇಶದ ಮಾತಾಯಿತು ಅಂತೀರಾ? ನಮ್ಮಲ್ಲಿ 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ಸೇರಿಸಿ ದುಡಿಯದವರ ಸಾಲಿಗೆ ಹಾಕಿತ್ತು. ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯೊಬ್ಬಳ ಪರಿಹಾರದ ಮೊಕದ್ದಮೆಯಲ್ಲಿ, 2010ರಲ್ಲಿ, ಸುಪ್ರೀಂ ಕೋರ್ಟು ಇದನ್ನು ಕಟುವಾಗಿ ಟೀಕಿಸಿತು. 2023ರಲ್ಲಿ ಅದೇ ಕೋರ್ಟು ಹೊರತಂದ ಕೈಪಿಡಿಯಲ್ಲಿ 'ಹೌಸ್‌ವೈಫ್' ಬದಲು 'ಹೋಮ್‌ಮೇಕರ್' ಎಂದು ಬಳಸಿ ಅಂತ ಹೇಳಿದೆ.

ಹೆಸರು ಬದಲಾದರೆ ಸಾರೇನೂ ತಾನಾಗಿ ಕುದಿಯೋದಿಲ್ಲ, ನಿಜ. ಆದರೆ ನಾವೇ 'ಬರೀ' ಅಂದರೆ, ಮಕ್ಕಳು 'ಇಲ್ಲ' ಅನ್ನದೆ ಇನ್ನೇನಂದಾರು?

ಬೆಳಗ್ಗೆ ಕಾಫಿ ಕೊಡುವಾಗ ಮಗನಿಗೆ ಇಷ್ಟೂ ಹೇಳಿದೆ. ಅವನು ಮಾತಾಡದೆ ಅರ್ಜಿ ತೆಗೆದು, 'ಗೃಹಿಣಿ' ಅಂತ ದುಂಡಗೆ ಬರೆದ. ಆಮೇಲೆ ತಾನೇ ಎದ್ದುಹೋಗಿ ಅಜ್ಜಿಗೆ ಮಾತ್ರೆ ಕೊಟ್ಟು ಬಂದ.

ನಿಮ್ಮ ಮನೆಯ ಅರ್ಜಿಯಲ್ಲಿ ಏನಂತ ಬರೆದಿದ್ದಾರೆ? ಒಮ್ಮೆ ನೋಡಿ.