ಗದ್ದಲದಲ್ಲಿ ಮರೆಯಾದ ಆಟಗಳು

2025ನೇ ಇಸವಿಯಲ್ಲಿ ಆಟದ ಮಾರುಕಟ್ಟೆಗೆ ಸಂಬಂಧಿಸಿದ ಎರಡು ಮಹತ್ವದ ನಿರ್ಣಯಗಳು ಒಂದು ತಿಂಗಳ ಅಂತರದಲ್ಲಿ ಹೊರಬಿದ್ದವು. ಮೊದಲನೆಯದು, ಹಣವನ್ನು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆ. ಇದಕ್ಕೆ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಎರಡನೆಯದು, ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳ ಪರಿಷ್ಕರಣೆ. ಮೊದಲನೆಯದರ ಬಗ್ಗೆ ಬಜಾರದ ಕಟ್ಟೆಕಟ್ಟೆಗಳಲ್ಲಿ ಚರ್ಚೆಯಾಯಿತು. ಎರಡನೆಯದರಲ್ಲಿ ಕಾರು, ಟಿವಿ, ಸಿಮೆಂಟುಗಳ ಮಾತೇ ಮಾತಾಯಿತು. ಚದುರಂಗದ ಹಲಗೆ, ಕೇರಂ ಬೋರ್ಡು, ಮರದ ಗೊಂಬೆ ಮುಂತಾದವುಗಳ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದದ್ದನ್ನು ಗಮನಿಸಿದ ವರ್ತಕರು ವಿರಳ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ವ್ಯಾಪಾರಸ್ಥರಿಗೂ ಸಣ್ಣ ಉತ್ಪಾದಕರಿಗೂ ಹೆಚ್ಚು ಸಂಬಂಧಪಟ್ಟದ್ದು ಈ ಎರಡನೆಯ ಸಂಗತಿಯೇ ಆಗಿದೆ.

ಹಣದ ಆಟದ ಲೆಕ್ಕಾಚಾರ

ಹಣದ ಆಟಗಳನ್ನು ನಿಯಂತ್ರಿಸುವ ಪ್ರಯತ್ನ ಹೊಸದೇನಲ್ಲ. ಕರ್ನಾಟಕ ಸರ್ಕಾರವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. 2022ರ ಫೆಬ್ರವರಿಯಲ್ಲಿ ರಾಜ್ಯ ಉಚ್ಚ ನ್ಯಾಯಾಲಯವು ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2023ರ ಅಕ್ಟೋಬರ್ 1ರಿಂದ ಇಂತಹ ಆಟಗಳಿಗೆ ಕಟ್ಟುವ ಪೂರ್ಣ ಮೊತ್ತದ ಮೇಲೆ ಶೇ. 28ರ ತೆರಿಗೆ ಬಿದ್ದಿತು. ಕೊನೆಗೆ 2025ರ ಕಾಯ್ದೆ ಇವುಗಳನ್ನು ನಡೆಸುವವರಿಗೆ 3 ವರ್ಷಗಳವರೆಗಿನ ಸೆರೆವಾಸ ಮತ್ತು 1 ಕೋಟಿ ರೂಪಾಯಿವರೆಗಿನ ದಂಡವನ್ನು ಗೊತ್ತುಪಡಿಸಿತು.

ಸಣ್ಣ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಮೊಬೈಲಿನ ಮೂಲಕ ಸೋರಿಹೋಗುವ ಐವತ್ತು, ನೂರು ರೂಪಾಯಿಗಳು ದುಡಿಯುವ ಬಂಡವಾಳವನ್ನು ಹೇಗೆ ಕರಗಿಸುತ್ತವೆಂಬುದನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ಆದರೆ ಈ ಗದ್ದಲದಲ್ಲಿ ‘ಆಟ’ವೆಂಬ ಶಬ್ದಕ್ಕೇ ಕೆಟ್ಟ ಹೆಸರು ಬಂದಿತು. ಕಾಯ್ದೆಯಾದರೋ ಆಟಗಳಲ್ಲಿ ಸ್ಪಷ್ಟ ಭೇದವನ್ನು ಮಾಡಿದೆ. ನಿಷೇಧ ಹಣದ ಆಟಕ್ಕೆ ಮಾತ್ರ. ಇ-ಕ್ರೀಡೆ ಹಾಗೂ ಪಣವಿಲ್ಲದ ಸಾಮಾಜಿಕ ಆಟಗಳಿಗೆ ಅದರಲ್ಲಿ ಮನ್ನಣೆ ಇದೆ. ಮನೆಮಂದಿ ಸುತ್ತ ಕುಳಿತು ಆಡುವ ಮಣೆಯ ಆಟಗಳಿಗಂತೂ ಅದರಿಂದ ಯಾವ ಬಾಧೆಯೂ ಇಲ್ಲ.

ತೆರಿಗೆ ಪರಿಷ್ಕರಣೆಯೂ ಈ ಆಟಗಳ ಪಕ್ಷಕ್ಕೇ ನಿಂತಿದೆ. 500 ರೂಪಾಯಿ ಮೂಲಬೆಲೆಯ ಮಣೆಯ ಆಟವೊಂದು ಮೊದಲು ಗ್ರಾಹಕನಿಗೆ 560 ರೂಪಾಯಿಗೆ ಬೀಳುತ್ತಿತ್ತು. ಈಗ 525 ರೂಪಾಯಿಗೆ ದೊರೆಯುತ್ತದೆ. ವಿದ್ಯುನ್ಮಾನವಲ್ಲದ ಆಟಿಕೆಗಳಿಗೂ, ಚದುರಂಗ, ಕೇರಂ, ಲೂಡೊ ಮುಂತಾದ ಮಣೆಯ ಆಟಗಳಿಗೂ ಇದೇ ದರ. ವಿಡಿಯೋ ಗೇಮ್ ಯಂತ್ರಗಳಿಗೆ ಮಾತ್ರ ಶೇ. 18 ಮುಂದುವರಿದಿದೆ. ಇದಕ್ಕೆ ಮೊದಲೇ ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಲಾಗಿತ್ತು. ಅಂದರೆ ಐದಾರು ವರ್ಷಗಳಲ್ಲಿ ಹೊರದೇಶದ ಆಟಿಕೆ ತುಟ್ಟಿಯಾಗುತ್ತ, ದೇಶೀಯ ಆಟಿಕೆ ಅಗ್ಗವಾಗುತ್ತ ಬಂದಿದೆ. ಇಷ್ಟಾದರೂ ನಮ್ಮ ನಾಲ್ಕೂ ಪಟ್ಟಣಗಳ ಅಂಗಡಿಗಳ ಮುಂದೆ ತೂಗಾಡುವುದು ಹೊರಗಿನಿಂದ ಬಂದ ಪ್ಲಾಸ್ಟಿಕ್ ಸರಕೇ.

ಮನೆಯಂಗಳದ ಆಸ್ತಿ

ಆಟವೆಂಬುದು ಈ ನಾಡಿಗೆ ಪರಕೀಯವಲ್ಲ. ತುಂಗಭದ್ರೆಯ ಆಚೆ ದಡದ ಹಂಪಿಯಲ್ಲಿ ಮಂಟಪಗಳ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಆಟಗಳನ್ನು ಕಲ್ಪಿಸಿ, ‘ಶ್ರೀತತ್ತ್ವನಿಧಿ’ಯ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಆ ಪರಂಪರೆಯ ಗಂಜೀಫಾ ಎಲೆಗಳು ಇಂದು ಕರಕುಶಲ ವಸ್ತುಗಳ ಜಿಎಸ್‌ಟಿ ಪಟ್ಟಿಯಲ್ಲಿ ಹೆಸರು ಹೇಳಿ ಸೇರಿಸಲ್ಪಟ್ಟಿವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳ ಮೂಲಕ ಪಗಡೆ, ಚೌಕಾಬಾರ, ಅಳಗುಳಿ ಮಣೆ, ಹುಲಿ-ಕುರಿ ಆಟಗಳನ್ನು ಅಂದವಾಗಿ ಮಾಡಿಸಿ ಮಾರುತ್ತ ಬಂದಿದೆ. ಅಲ್ಲಿ ಕೊಳ್ಳುವವರಿದ್ದಾರೆಂದರೆ ಇಲ್ಲಿಯೂ ಇರಲೇಬೇಕು. ನಾಗರಪಂಚಮಿಗೆ ಜೋಕಾಲಿ ಕಟ್ಟಿ, ಕೊಬ್ಬರಿ ಬುಗುರಿ ಆಡಿಸುವ, ಮಣ್ಣೆತ್ತಿನ ಅಮವಾಸ್ಯೆಗೆ ಎತ್ತಿನ ಜೋಡಿ ಕೊಳ್ಳುವ ಈ ಭಾಗದ ಕುಟುಂಬಗಳಿಗೆ ಹಬ್ಬವೆಂದರೆ ಅರ್ಧ ಆಟವೇ ತಾನೆ?

ಇದಕ್ಕಿಂತಲೂ ಹತ್ತಿರದ ಆಸ್ತಿ ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿದೆ. ಅಲ್ಲಿಯ ಚಿತ್ರಗಾರ ಮನೆತನಗಳು ಹಗುರವಾದ ಮರವನ್ನು ಕೆತ್ತಿ, ನೆನೆಸಿದ ಗೋಣಿಯ ಚಿಂದಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟುಗಳಿಂದಾದ ‘ಕಿಟ್ಟ’ದಿಂದ ಜೋಡಿಸಿ, ಬಣ್ಣ ಹಚ್ಚಿ ಗರುಡ, ಕಾಮಧೇನು, ಗೌರಿ, ಪ್ರಾಣಿ-ಪಕ್ಷಿಗಳ ಗೊಂಬೆಗಳನ್ನು ಸಿದ್ಧಪಡಿಸುತ್ತವೆ. ವಿಜಯನಗರ ಕಾಲದ ಪರಂಪರೆಯುಳ್ಳ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೂ 2020ರ ಆಗಸ್ಟ್ 30ರ ‘ಮನದ ಮಾತು’ ಬಾನುಲಿ ಭಾಷಣದಲ್ಲಿ ಪ್ರಧಾನಿಗಳು ದೇಶದ ಆಟಿಕೆ ಕೇಂದ್ರಗಳನ್ನು ಹೆಸರಿಸಿದಾಗ ಕರ್ನಾಟಕದಿಂದ ಕೇಳಿಬಂದದ್ದು ಚನ್ನಪಟ್ಟಣ ಮಾತ್ರ. ಮರುವರ್ಷ ಜನವರಿ 9ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಭಾನಾಪುರದ ಬಳಿ 400 ಎಕರೆಯ ಆಟಿಕೆ ಉತ್ಪಾದನಾ ಸಮುಚ್ಚಯಕ್ಕೆ ಶಂಕುಸ್ಥಾಪನೆ ಮಾಡಿದರು. ಹೀಗೆ ದೊಡ್ಡ ಬಂಡವಾಳದ ಆಟಿಕೆ ಯೋಜನೆಯೂ ಶತಮಾನಗಳ ಕಸುಬೂ ಒಂದೇ ಜಿಲ್ಲೆಯಲ್ಲಿ ಒದಗಿಬಂದವು. ದೊಡ್ಡ ಕಾರ್ಖಾನೆಗಳ ದೃಷ್ಟಿ ಸಹಜವಾಗಿಯೇ ರಫ್ತಿನತ್ತ ಇರುತ್ತದೆ. ಊರ ಪೇಟೆಯಲ್ಲಿ ಊರ ಆಟಿಕೆಗೆ ಜಾಗ ಕೊಡುವ ಹೊಣೆ ಸ್ಥಳೀಯ ವರ್ತಕರದ್ದೇ.

ಪರದೆಯ ಆಟಗಳಿಂದಲೂ ಕಲಿಯಬೇಕಾದ ಪಾಠವುಂಟು. ಪುಣೆಯ ಸಣ್ಣ ತಂಡವೊಂದು 2020ರಲ್ಲಿ ಭಾರತೀಯ ಪುರಾಣಗಳನ್ನು ಆಧರಿಸಿ ‘ರಾಜಿ’ ಎಂಬ ವಿಡಿಯೋ ಗೇಮನ್ನು ಹೊರತಂದಿತು. ಕೆನಡಾದ ಟೊರೊಂಟೊ ನಗರದ ಒಂದು ಪುಟ್ಟ ತಂಡ ತಮಿಳು ಕುಟುಂಬವೊಂದರ ಅಡುಗೆಮನೆಯನ್ನೇ ವಸ್ತುವಾಗಿಸಿ 2023ರಲ್ಲಿ ‘ವೆಣ್ಬಾ’ ಆಟವನ್ನು ರೂಪಿಸಿತು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಅದಕ್ಕೆ ಸಂದಿತು. ಗುಂಡು ಹಾರಿಸುವ, ಹಣ ಕಳೆಯುವ ಆಟಗಳ ಜಾಹೀರಾತಿನ ಅಬ್ಬರದಲ್ಲಿ ಇಂತಹವು ನಮ್ಮ ಮಕ್ಕಳ ಕಿವಿಗೂ ಬೀಳುವುದಿಲ್ಲ. ಮನೆಯ ಮಾತು, ಊರ ಕಥೆ ಪ್ರಪಂಚದ ಪೇಟೆಯಲ್ಲಿ ಸರಕಾಗಬಲ್ಲದೆಂಬುದಕ್ಕೆ ಇವು ಸಾಕ್ಷಿ. ಗಂಗಾವತಿ ತಾಲ್ಲೂಕಿನ ಕುಮ್ಮಟದುರ್ಗದ ಕುಮಾರರಾಮನ ಕಥೆಯನ್ನೇ ನೋಡಬಹುದು. ಆಡುತ್ತಿದ್ದ ಚೆಂಡು ಮಲತಾಯಿಯ ಅರಮನೆಯೊಳಗೆ ಬಿದ್ದದ್ದರಿಂದಲೇ ಆ ಕಥೆ ತಿರುವು ಪಡೆಯುತ್ತದೆ. ಆಟದಿಂದಲೇ ಹುಟ್ಟುವ ಇಂತಹ ಕಥೆ ಆಟವಾಗಿಯೂ, ಕಿನ್ನಾಳದ ಗೊಂಬೆಗಳ ಮಾಲಿಕೆಯಾಗಿಯೂ ರೂಪುಗೊಳ್ಳಬಲ್ಲದು. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ರಾಜ್ಯ ಸರ್ಕಾರದ 2024-29ರ ನೀತಿಯೂ ಇದೆ.

ಅಡಚಣೆಗಳು, ಕಾನೂನು

ಸ್ಥಳೀಯ ಸರಕು ದುಬಾರಿ, ಬೇಕೆಂದಾಗ ಸಿಗುವುದಿಲ್ಲ, ಒಂದರಂತೆ ಇನ್ನೊಂದಿರುವುದಿಲ್ಲವೆಂಬ ವರ್ತಕರ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಕೈಕೆಲಸದ ಗೊಂಬೆ ಅಚ್ಚಿನ ಗೊಂಬೆಯ ಬೆಲೆಗೆ ಸಿಗಲಾರದು. ಆದರೆ ಪೂರೈಕೆಯ ಕೊರತೆಗೆ ಅರ್ಧ ಕಾರಣ ಬೇಡಿಕೆಯ ಅನಿಶ್ಚಿತತೆಯೇ. ಮುಂಗಡವಿಲ್ಲದೆ, ಮಾರಾಟವಾದ ಮೇಲೆ ಹಣವೆಂಬ ಕರಾರಿನ ಮೇಲೆ ಯಾವ ಕುಶಲಕರ್ಮಿಯೂ ನೂರು ಗೊಂಬೆ ಮಾಡಿಟ್ಟುಕೊಂಡು ಕೂಡಲಾರ.

ಕಾನೂನಿನ ದೃಷ್ಟಿಯಿಂದ ಮೂರು ಅಂಶಗಳು ಗಮನಾರ್ಹ. ಮೊದಲನೆಯದಾಗಿ, 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ವಸ್ತುಗಳಿಗೂ, ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರು ತಯಾರಿಸಿ ಮಾರುವ ನೋಂದಾಯಿತ ಉತ್ಪನ್ನಗಳಿಗೂ ಇದರಿಂದ ವಿನಾಯಿತಿ ಇದೆ. ಬೇರೆಡೆ ಅಚ್ಚು ಹಾಕಿಸಿ ‘ಕಿನ್ನಾಳ’ದ ಹೆಸರಿನಲ್ಲಿ ಮಾರುವವನಿಗೆ ಈ ರಕ್ಷಣೆ ಇಲ್ಲ, ಅಂತಹವನು ಎರಡು ಕಾನೂನುಗಳಿಗೆ ಒಮ್ಮೆಲೇ ಸಿಕ್ಕಿಬೀಳುತ್ತಾನೆ. ಎರಡನೆಯದಾಗಿ, ಉದ್ಯಮ್ ನೋಂದಣಿಯುಳ್ಳ ಅತಿಸಣ್ಣ ಹಾಗೂ ಸಣ್ಣ ಉತ್ಪಾದಕರಿಗೆ ಲಿಖಿತ ಕರಾರಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಿಸಬೇಕು. 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯ ನಂತರ, ಅವಧಿ ಮೀರಿ ಬಾಕಿ ಉಳಿಸಿಕೊಂಡ ಖರೀದಿ ವೆಚ್ಚವು ಹಣ ಸಂದಾಯವಾದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಕುಶಲಕರ್ಮಿಗೆ ಸಕಾಲದಲ್ಲಿ ಹಣ ಕೊಡುವುದು ಧರ್ಮದ ಮಾತಷ್ಟೇ ಆಗಿ ಉಳಿದಿಲ್ಲ. ಮೂರನೆಯದಾಗಿ, ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದೆ, ರಾಜ್ಯದೊಳಗೇ ಸರಕು ಮಾರುವ ಕುಶಲಕರ್ಮಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಅಗತ್ಯವಿರುವುದಿಲ್ಲ. ಅವನಿಂದ ಕೊಳ್ಳುವಾಗ ಹೂಡುವಳಿ ತೆರಿಗೆಯ ಜಮೆ ದೊರೆಯದು, ದರ ಶೇ. 5 ಇರುವಾಗ ಆ ನಷ್ಟ ಭರಿಸಲಾರದಷ್ಟು ದೊಡ್ಡದೇನಲ್ಲ.

ಮಾಡಬಹುದಾದುದು

ಇದಕ್ಕಾಗಿ ದೊಡ್ಡ ಯೋಜನೆಯ ಅವಶ್ಯಕತೆ ಇಲ್ಲ. ನಾಲ್ಕು ಪಟ್ಟಣಗಳ ಆಟಿಕೆ, ಸ್ಟೇಷನರಿ ಹಾಗೂ ಉಡುಗೊರೆ ವಸ್ತುಗಳ ವ್ಯಾಪಾರಿಗಳು ಒಟ್ಟುಗೂಡಿ ವರ್ಷಕ್ಕೆರಡು ಬಾರಿ, ಪಂಚಮಿಗೆ ಮುನ್ನ ಮತ್ತು ಗವಿಮಠದ ಜಾತ್ರೆಗೆ ಮುನ್ನ, ಕಿನ್ನಾಳಕ್ಕೆ ಸಾಮೂಹಿಕ ಬೇಡಿಕೆ ಸಲ್ಲಿಸಿ ಮೂರನೆಯ ಒಂದಂಶವನ್ನು ಮುಂಗಡವಾಗಿ ಕೊಡಲಿ. ಮರಗೆಲಸದ ಸಣ್ಣ ಘಟಕಗಳು ಅಳಗುಳಿ ಮಣೆ, ಚೌಕಾಬಾರದ ಹಲಗೆಗಳನ್ನು ಮಾಡಲಿ. ಅದರ ಕಾಯಿಗಳಿಗೆ ಕಿನ್ನಾಳದ ಬಣ್ಣಗಾರರ ಕೈ ಸೋಕಲಿ. ಮಕ್ಕಳಿಗಾಗಿ ಮಾಡುವುದಾದರೆ ಐಎಸ್‌ಐ ಗುರುತಿನ ವಿಚಾರವನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳಲಿ. ಪ್ರತಿ ಡಬ್ಬಿಯಲ್ಲಿ ಆಟದ ನಿಯಮಗಳನ್ನು ಕನ್ನಡದಲ್ಲಿ ಮುದ್ರಿಸಿಡುವುದು ಅತ್ಯವಶ್ಯ. ಏಕೆಂದರೆ ಅಜ್ಜಿಯಿಂದ ಕಲಿಯದ ಪೀಳಿಗೆ ಈಗ ತಾಯಿ-ತಂದೆಯ ಸ್ಥಾನಕ್ಕೆ ಬಂದಿದೆ. ಅಂಜನಾದ್ರಿ, ಆನೆಗೊಂದಿ, ಇಟಗಿಯ ಮಹಾದೇವ ದೇಗುಲಗಳಿಗೆ ಬರುವ ಪ್ರವಾಸಿಗರ ಕೈಗೆ ಒಯ್ಯಲು ಈ ಜಿಲ್ಲೆಯದೇ ಆದ ಒಂದು ವಸ್ತು ಸಿಕ್ಕಂತೆಯೂ ಆಗುತ್ತದೆ.

ಗಂಗಾವತಿಯ ಅಕ್ಕಿಗೆ ಹೆಸರಿನ ಬೆಲೆ ಏನೆಂಬುದನ್ನು ಈ ಭಾಗದ ವ್ಯಾಪಾರಸ್ಥರು ಬಲ್ಲರು. ಚೀಲದ ಮೇಲೆ ಊರ ಹೆಸರಿದ್ದರೆ ಪೇಟೆಯಲ್ಲಿ ಮಾತು ನಡೆಯುತ್ತದೆ. ಕಿನ್ನಾಳಕ್ಕೂ ಅಂತಹ ಹೆಸರಿದೆ. ಅದನ್ನು ಬಳಸಿಕೊಳ್ಳುವ ವ್ಯಾಪಾರವಷ್ಟೇ ಬೆಳೆದಿಲ್ಲ. ಬಣ್ಣ ಹಚ್ಚುವ ಕೈಗಳು ಇರುವಾಗಲೇ ಬೇಡಿಕೆ ಹೋಗಬೇಕು. ಆ ಮನೆತನಗಳ ಮಕ್ಕಳು ಕಸುಬು ಬಿಟ್ಟು ಬೇರೆ ಉದ್ಯೋಗ ಹಿಡಿದ ಮೇಲೆ ಶೇ. 5ರ ತೆರಿಗೆಯಾಗಲಿ, ಭೌಗೋಳಿಕ ಸೂಚಕದ ಪತ್ರವಾಗಲಿ ಗೊಂಬೆಯನ್ನು ಕೆತ್ತಿಕೊಡಲಾರದು. ಗವಿಮಠದ ಮುಂದಿನ ಜಾತ್ರೆಯ ಹೊತ್ತಿಗೆ ಪ್ರತಿ ಆಟಿಕೆ ಅಂಗಡಿಯಲ್ಲೂ ಒಂದು ಸಾಲು ಊರ ಆಟಗಳಿಗೆ ಮೀಸಲಾದರೆ, ಜಾತ್ರೆ ಮುಗಿದ ಮೇಲೆ ಬಾಕಿ ಉಳಿದ ಸರಕಿನ ಲೆಕ್ಕವೇ ಉಳಿದ ಮಾತನ್ನು ಹೇಳುತ್ತದೆ.