ಅಳತೆ ಮೊದಲು, ಅಲಂಕಾರ ಆಮೇಲೆ

ಪ್ಲಾಸ್ಟಿಕ್ ತುಣುಕುಗಳನ್ನು ಅಂಟಿಸಿ ಯುದ್ಧ ಟ್ಯಾಂಕುಗಳ ಪುಟ್ಟ ಮಾದರಿಗಳನ್ನು ಕಟ್ಟುವ ಹವ್ಯಾಸ ನಮ್ಮಲ್ಲಿ ಹೆಚ್ಚು ಜನರಿಗಿಲ್ಲ. ಇರುವ ಕೆಲವರ ನಡುವೆ ಮಾತ್ರ ಒಂದು ಹಳೆಯ ವಾದವುಂಟು. ಪೆಟ್ಟಿಗೆಯಲ್ಲಿ ಬಂದ ಕಿಟ್ ನಿಜವಾದ ಟ್ಯಾಂಕಿಗೆ ಹೊಂದದಿದ್ದರೆ ಏನು ಮಾಡಬೇಕು? ಬಂದದ್ದನ್ನು ಬಂದಂತೆ ಜೋಡಿಸಿ ಸುಮ್ಮನಾಗುವುದೇ? ಅಥವಾ ಬೇರೆ ತಯಾರಕರು ಮಾರುವ ಹಿತ್ತಾಳೆಯ ತಗಡು, ರೆಸಿನ್ ಗೋಪುರ, ಲೋಹದ ನಳಿಗೆ ಮೊದಲಾದವನ್ನು ಕೊಂಡು ತಿದ್ದುವುದೇ? ಬಹುಕಾಲ ಗಣಿತ ಕಲಿಸಿ ನಿವೃತ್ತನಾದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತಿದ್ದುವುದು ಒಳ್ಳೆಯದು, ಆದರೆ ಕೊಳ್ಳುವ ಮೊದಲು ಅಳೆಯಬೇಕು.

ಕಿಟ್‌ಗಳಲ್ಲಿ ತಪ್ಪುಗಳು ಏಕೆ ಉಳಿಯುತ್ತವೆ ಎಂಬುದನ್ನು ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ. ಇಂದು ಟ್ಯಾಂಕ್ ಮಾದರಿಗಳಿಗೆ ಜಗತ್ತೇ ಒಪ್ಪಿರುವ 1/35 ಎಂಬ ಪ್ರಮಾಣ ಯಾವ ವಿದ್ವತ್ಸಭೆಯಲ್ಲೂ ನಿರ್ಧಾರವಾದುದಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಶಿಜುವೋಕಾ ನಗರದ ತಮಿಯ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯೊಂದನ್ನು ಹೊರತಂದಿತು. ಅದು ಮೋಟಾರಿನಿಂದ ಓಡುವ ಆಟಿಕೆ. ಹೊಟ್ಟೆಯೊಳಗೆ ಬ್ಯಾಟರಿಗಳು ಹಿಡಿಯಬೇಕಾಗಿದ್ದುದರಿಂದ ಅದಕ್ಕೆ ತಕ್ಕ ಗಾತ್ರವನ್ನು ಆರಿಸಿದರು. ಮುಂದೆ ಅದೇ ಅಳತೆಯಲ್ಲಿ ಇನ್ನಷ್ಟು ಟ್ಯಾಂಕುಗಳನ್ನು ಮಾಡಬೇಕೆನಿಸಿ ಲೆಕ್ಕ ಹಾಕಿದಾಗ, ಅದು ನಿಜಗಾತ್ರದ ಸುಮಾರು ಮೂವತ್ತೈದನೆಯ ಒಂದು ಭಾಗವೆಂದು ತಿಳಿಯಿತು. ಹೀಗೆ ಬ್ಯಾಟರಿಯ ಗಾತ್ರ ಒಂದು ಹವ್ಯಾಸದ ಅಳತೆಗೋಲಾಯಿತು. ಆ ಕಾಲದ ಅನೇಕ ಕಿಟ್‌ಗಳ ತಳದಲ್ಲಿ ಇಂದಿಗೂ ಸ್ವಿಚ್ಚಿನ ಕಿಂಡಿಗಳಿವೆ. ಟ್ರ್ಯಾಕ್ ಸರಪಳಿಯ ಮೇಲಿನ ಭಾಗಕ್ಕೆ ತಳವಿಲ್ಲದೆ ಅಡಿಯಿಂದ ನೋಡಿದರೆ ಒಡಲು ಟೊಳ್ಳಾಗಿ ಕಾಣುತ್ತದೆ. ಓಡಲೆಂದು ಹುಟ್ಟಿದ ಆಟಿಕೆಯನ್ನು ನಾವು ಗಾಜಿನ ಕಪಾಟಿನಲ್ಲಿಟ್ಟು ಇತಿಹಾಸವೆಂದು ನೋಡುತ್ತಿದ್ದೇವೆ. ತಪ್ಪು ಸಂಪೂರ್ಣವಾಗಿ ತಯಾರಕನದೂ ಅಲ್ಲ.

ಈಗ ಸ್ವಲ್ಪ ಲೆಕ್ಕ. 1/35ರಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ 35 ಮಿಲಿಮೀಟರ್. ಗೋಪುರ ಮೂರು ಮಿಲಿಮೀಟರ್ ಕಿರಿದಾಗಿದ್ದರೆ ನಿಜದಲ್ಲಿ ಹತ್ತು ಸೆಂಟಿಮೀಟರಿಗೂ ಹೆಚ್ಚಿನ ಕೊರತೆ. ಒಳಗೆ ಕುಳಿತವನ ಮೊಣಕೈಗೆ ಜಾಗವಿಲ್ಲ ಎಂದರ್ಥ. ಬ್ರಿಟಿಷ್ ಸೆಂಚೂರಿಯನ್ ಟ್ಯಾಂಕನ್ನೇ ನೋಡಿ. ಅದರ ಅಗಲ ಸುಮಾರು 3.39 ಮೀಟರ್, ಮಾದರಿಯಲ್ಲಿ ಸುಮಾರು 97 ಮಿಲಿಮೀಟರ್ ಇರಬೇಕು. ಅದರ 20 ಪೌಂಡರ್ ತೋಪಿನ ಬಾಯಿ 84 ಮಿಲಿಮೀಟರ್, ಮಾದರಿಯಲ್ಲಿ 2.4. ಒಂದು ವರ್ನಿಯರ್ ಕ್ಯಾಲಿಪರ್ಸ್ ಮತ್ತು ಭಾಗಾಕಾರ ಬಲ್ಲ ಹುಡುಗ ಅರ್ಧ ಗಂಟೆಯಲ್ಲಿ ಯಾವ ಕಿಟ್ಟನ್ನಾದರೂ ಪರೀಕ್ಷಿಸಬಲ್ಲ. ಆಶ್ಚರ್ಯವೆಂದರೆ, ಸಾವಿರಾರು ರೂಪಾಯಿ ಸುರಿಯುವವರೂ ಈ ಅರ್ಧ ಗಂಟೆಯನ್ನು ಕೊಡುವುದಿಲ್ಲ.

ಸೆಂಚೂರಿಯನ್ನಿನ ಮಾತು ತೆಗೆದುದಕ್ಕೆ ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ 16ನೇ ಲೈಟ್ ಕ್ಯಾವಲ್ರಿಯಲ್ಲಿ ಟ್ಯಾಂಕ್ ಚಾಲಕರಾಗಿದ್ದವರು. ದಕ್ಷಿಣ ಭಾರತದವರೇ ಹೆಚ್ಚಾಗಿ ಸೇರುವ ಆ ರೆಜಿಮೆಂಟು 1965ರ ಸೆಪ್ಟೆಂಬರಿನಲ್ಲಿ ಸಿಯಾಲ್‌ಕೋಟ್ ಕ್ಷೇತ್ರದಲ್ಲಿ ಸೆಂಚೂರಿಯನ್ ಟ್ಯಾಂಕುಗಳೊಡನೆ ಹೋರಾಡಿತು. ಸುಮಾರು ಹತ್ತು ವರ್ಷಗಳ ಹಿಂದೆ ಈ ಹುಡುಗ (ಆಗಲೇ ಅವನಿಗೆ ನಲವತ್ತು ದಾಟಿತ್ತು) ತಂದೆಗೆ ಅವರ ಟ್ಯಾಂಕಿನ ಮಾದರಿಯನ್ನು ಕಟ್ಟಿಕೊಡಬೇಕೆಂದು ಹಳೆಯ ಸೆಂಚೂರಿಯನ್ ಕಿಟ್ ಒಂದನ್ನು ತರಿಸಿದ. ಕಂಪನಿಯ ಹೆಸರು ಇಲ್ಲಿ ಬೇಡ. ಜೊತೆಗೆ ಕಿಟ್ಟಿನ ಮೂರು ಪಟ್ಟು ಬೆಲೆಯ ಬಿಡಿಭಾಗಗಳನ್ನೂ ತರಿಸಿದ. ಇನ್ನೂರಕ್ಕೂ ಹೆಚ್ಚು ಹಿತ್ತಾಳೆಯ ಚೂರುಗಳು. ಸಲಿಕೆ ಹಿಡಿದಿಡುವ ಕೊಂಡಿಗೂ ಒಂದು, ಆ ಕೊಂಡಿಯ ಚಿಲಕಕ್ಕೂ ಒಂದು. ಆರು ತಿಂಗಳು ಕಣ್ಣು ಸೋಲಿಸಿಕೊಂಡು ಜೋಡಿಸಿ ತಂದೆಯ ಮುಂದಿಟ್ಟ. ಆ ಹಿರಿಯರು ಬಹಳ ಹೊತ್ತು ನೋಡಿ, “ಚೆನ್ನಾಗಿದೆ ಮಗಾ. ಆದರೆ ಇದು ನಮ್ಮ ಗಾಡಿ ಅಲ್ಲ” ಎಂದರಂತೆ.

ಅವನು ಮಾದರಿಯನ್ನು ಹೊತ್ತು ನನ್ನ ಮನೆಗೆ ಬಂದ. ಪುಸ್ತಕದ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ಅಳೆದೆವು. ಕಿಟ್ ಮಾರ್ಕ್ 3ರದು. ಅದರ ನಳಿಗೆ ಉದ್ದಕ್ಕೂ ನುಣುಪು. ನಮ್ಮ ಸೇನೆಯಲ್ಲಿದ್ದ ಮಾರ್ಕ್ 7ರ ನಳಿಗೆಯ ನಡುವೆ ಕೊಳವೆಯಂಥ ಒಂದು ಉಬ್ಬು ಇರುತ್ತದೆ. ಗುಂಡು ಹಾರಿದ ಮೇಲೆ ನಳಿಗೆಯಲ್ಲುಳಿದ ಹೊಗೆ ಗೋಪುರದೊಳಕ್ಕೆ ನುಗ್ಗದಂತೆ ಅದನ್ನು ಮುಂದಕ್ಕೆ ಸೆಳೆದು ಹೊರಹಾಕುವುದು ಅದರ ಕೆಲಸ. ನೋಡುವವರಿಗೆ ಅದೊಂದು ಗಂಟು, ಒಳಗಿದ್ದವರಿಗೆ ಉಸಿರು. ಇನ್ನೂರು ಹಿತ್ತಾಳೆ ಚೂರುಗಳ ನಡುವೆ ಆ ಒಂದು ಗಂಟು ಇರಲಿಲ್ಲ. ಗೋಪುರವೂ ಉದ್ದದಲ್ಲಿ ಮೂರು ಮಿಲಿಮೀಟರ್ ಕಡಿಮೆಯಿತ್ತು.

“ಹೊಸ ನಳಿಗೆ ತರಿಸಲೇ ಮೇಷ್ಟ್ರೇ?” ಎಂದ. “ನೀನು ಲೇತ್ ನಡೆಸುವವನಲ್ಲವೇನೋ?” ಎಂದೆ. ಮರುವಾರ ತನ್ನ ವರ್ಕ್‌ಶಾಪಿನಲ್ಲೇ ಅಲ್ಯೂಮಿನಿಯಂ ಸಲಾಕೆಯಿಂದ ನಳಿಗೆಯನ್ನು ಕಡೆದ. ಗೋಪುರವನ್ನು ಗರಗಸದಿಂದ ಸೀಳಿ, ನಡುವೆ ಪ್ಲಾಸ್ಟಿಕ್ ಹಾಳೆ ಸೇರಿಸಿ, ಉಪ್ಪುಕಾಗದದಿಂದ ಉಜ್ಜಿ ಸರಿಪಡಿಸಿದ. ಈ ಸಲ ತಂದೆಯವರು ನಳಿಗೆಯ ಗಂಟನ್ನು ಬೆರಳಿನಿಂದ ಮುಟ್ಟಿದರು. ಬಳಿಕ ಬೆರಳು ಒಡಲಿನ ಮುಂಭಾಗದ ಬಲಗಡೆಗೆ, ಚಾಲಕನ ಮುಚ್ಚಳದ ಮೇಲೆ ಬಂದು ನಿಂತಿತು. “ಇಲ್ಲಿ ಕೂರುತ್ತಿದ್ದೆ” ಎಂದಷ್ಟೇ ಹೇಳಿದರಂತೆ.

ಬಿಡಿಭಾಗಗಳೆಲ್ಲ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಒಂದೊಂದು ವಸ್ತುವಿಗೂ ಅದರದೇ ಗುಣವುಂಟು. ಸೆಂಚೂರಿಯನ್ನಿನ ಪಕ್ಕಗಳಲ್ಲಿ ನೇತಾಡುವ ರಕ್ಷಣಾ ತಗಡುಗಳು ನಿಜದಲ್ಲಿ ಕೆಲವೇ ಮಿಲಿಮೀಟರ್ ದಪ್ಪ. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದರೆ ಅವು 35 ಮಿಲಿಮೀಟರಿನ ಗೋಡೆಗಳಾಗುತ್ತವೆ. 0.15 ಮಿಲಿಮೀಟರಿನ ಹಿತ್ತಾಳೆ ತಗಡು ಇಲ್ಲಿ ಲೆಕ್ಕಕ್ಕೆ ಸರಿಹೊಂದುತ್ತದೆ. ಅದೇ ಹಿತ್ತಾಳೆಯಲ್ಲಿ ಹಿಡಿಕೆಗಳನ್ನು ಮಾಡಿದರೆ ತಪ್ಪು. ನಿಜವಾದ ಹಿಡಿಕೆ ದುಂಡು ಸರಳು, ಇದು ಚಪ್ಪಟೆ ಪಟ್ಟಿ. ಹಳೆಯ ವಿದ್ಯುತ್ ತಂತಿಯೊಳಗಿನ ತಾಮ್ರದ ಎಳೆ ಅದಕ್ಕಿಂತ ಮೇಲು, ಖರ್ಚೂ ಇಲ್ಲ. ಒಂದೊಂದೇ ಕೊಂಡಿ ಪೋಣಿಸುವ ಲೋಹದ ಟ್ರ್ಯಾಕ್ ತನ್ನ ಭಾರಕ್ಕೆ ತಾನೇ ಜೋಲುವುದು ಬಹಳ ಸೊಗಸು. ಆದರೆ ಸೆಂಚೂರಿಯನ್ನಿನ ಪಕ್ಕದ ತಗಡುಗಳನ್ನು ಹಾಕಿದ ಮೇಲೆ ಆ ಜೋಲುವ ಭಾಗವೇ ಮರೆಯಾಗುತ್ತದೆ! ರೆಸಿನ್ ಗೋಪುರವನ್ನೂ ಕುರುಡಾಗಿ ನಂಬಬಾರದು. ಎರಕದಲ್ಲಿ ರೆಸಿನ್ ಸ್ವಲ್ಪ ಕುಗ್ಗುವುದುಂಟು. ಅದರ ಪುಡಿ ಶ್ವಾಸಕ್ಕೆ ಕೆಟ್ಟದ್ದು. ನೀರು ತಾಗಿಸಿ ಉಜ್ಜಬೇಕು, ಮೂಗಿಗೆ ಮಾಸ್ಕ್ ಕಟ್ಟಬೇಕು. ಇತ್ತೀಚೆಗೆ ತ್ರೀಡಿ ಮುದ್ರಣದ ಭಾಗಗಳೂ ಬಂದಿವೆ. ಅವುಗಳ ನಾಜೂಕು ಬೆರಗು ಹುಟ್ಟಿಸುತ್ತದೆ. ಆದರೆ ಮುದ್ರಿಸುವವನ ನಕ್ಷೆ ತಪ್ಪಿದ್ದರೆ ನಾಜೂಕಾದ ತಪ್ಪೇ ಬರುತ್ತದೆ.

ಆದ್ದರಿಂದ ನನ್ನ ಕ್ರಮ ಇಷ್ಟು. ಮೊದಲು ಪ್ರಮಾಣ: ಉದ್ದ, ಅಗಲ, ಗೋಪುರದ ಆಕಾರ. ಎರಡನೆಯದು ಗುರುತು: ನಾವು ಕಟ್ಟುತ್ತಿರುವುದು ಯಾವ ಸೇನೆಯ, ಯಾವ ವರ್ಷದ, ಯಾವ ಮಾರ್ಕಿನ ಟ್ಯಾಂಕು? ಮೂರನೆಯದು ದಪ್ಪ. ಚಿಲಕ, ಕೊಂಡಿ, ತಿರುಪುಗಳೆಲ್ಲ ಕೊನೆಗೆ. ಈ ಕ್ರಮ ತಲೆಕೆಳಗಾದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯ ಕಥೆಯಾಗುತ್ತದೆ.

“ಇದನ್ನೆಲ್ಲ ಯಾರು ನೋಡುತ್ತಾರೆ?” ಎನ್ನುವವರಿದ್ದಾರೆ. ಹೆಚ್ಚಿನವರು ನೋಡುವುದಿಲ್ಲ, ನಿಜ. ನೋಡುವ ಒಬ್ಬರು ಮಾತ್ರ ಅದರೊಳಗೆ ಕುಳಿತಿದ್ದವರಾಗಿರಬಹುದು. “ಸರಿಯಾದ ಹೊಸ ಕಿಟ್‌ಗಳು ಸಿಗುವಾಗ ಹಳೆಯದನ್ನೇಕೆ ತಿದ್ದಬೇಕು?” ಎಂಬುದು ಇನ್ನೊಂದು ಪ್ರಶ್ನೆ. ಸಿಕ್ಕರೆ ಧಾರಾಳವಾಗಿ ಕೊಳ್ಳಿ. ಆದರೆ ಸರಿಯಾದುದನ್ನು ಸುಮ್ಮನೆ ಜೋಡಿಸಿದವನಿಗಿಂತ ತಪ್ಪನ್ನು ಕಂಡುಹಿಡಿದು ತಿದ್ದಿದವನಿಗೆ ಆ ಟ್ಯಾಂಕಿನ ವಿಷಯ ಹೆಚ್ಚು ತಿಳಿದಿರುತ್ತದೆ. ಉತ್ತರವನ್ನು ನಕಲು ಮಾಡಿದವನಿಗೂ ಲೆಕ್ಕ ಬಿಡಿಸಿದವನಿಗೂ ಇರುವ ವ್ಯತ್ಯಾಸವೇ ಇದು. ಅನುಕೂಲವಿದ್ದವರು ಅಹಮದ್‌ನಗರದ, ಅಂದರೆ ಈಗಿನ ಅಹಿಲ್ಯಾನಗರದ, ಟ್ಯಾಂಕ್ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ನಿಜವಾದ ಉಕ್ಕಿನ ಮುಂದೆ ನಿಂತು ಬಂದವರು ಅಂಗಡಿಯ ಪಟ್ಟಿಯನ್ನು ಓದುವ ರೀತಿಯೇ ಬೇರೆ.

ಹಣವಿದ್ದವನು ಬಿಡಿಭಾಗ ಕೊಳ್ಳಬಹುದು, ಇಲ್ಲದವನು ತಾಮ್ರದ ತಂತಿ ಬಗ್ಗಿಸಬಹುದು. ಎರಡೂ ದಾರಿಗಳು ಗೌರವದವೇ. ಇಬ್ಬರೂ ಮೊದಲು ಕೈಗೆತ್ತಿಕೊಳ್ಳಬೇಕಾದ ಉಪಕರಣ ಮಾತ್ರ ಒಂದೇ, ಅಳತೆಪಟ್ಟಿ.